ಶಾಲಿನ ಅಂಚು ಸುರುಳಿ ಸುತ್ತುವುದು ನಿಂತದ್ದು ಹೀಗೆ

ಬೆಳಗಾವಿಯ ಜಡಿಮಳೆಗೆ ಹೊದೆಯಲು ಅಕ್ರಿಲಿಕ್ (ಕೃತಕ) ಉಲ್ಲನ್ ಶಾಲು ಹೆಣೆಯುತ್ತಿದ್ದೆ. ಒಂದು ಸಾಲು ಸೀದಾ (ನಿಟ್, ನೂಲು ಹಿಂದಿಟ್ಟು ಹೆಣೆಯುವುದು), ಒಂದು ಸಾಲು ಉಲ್ಟಾ (ಪರ್ಲ್, ನೂಲು ಮುಂದಿಟ್ಟು ಹೆಣೆಯುವುದು). ಗೇಣುದ್ದ ಆಗುವಷ್ಟರಲ್ಲಿ ಎರಡೂ ಬದಿ ಹಿಂದಕ್ಕೆ, ಕೆಳ ಅಂಚು ಮುಂದಕ್ಕೆ ಸುರುಳಿ ಸುತ್ತಿತು.

ನೆನೆಸಿ, ಪಿನ್ ಹಾಕಿ ಒಣಗಿಸಿದೆ. ಪಿನ್ ತೆಗೆದರೆ ಮತ್ತೆ ಸುರುಳಿ. ಕುರಿ ಉಣ್ಣೆ ನೀರಿಗೆ ಆಕಾರ ಹಿಡಿಯುತ್ತದೆ, ಅಕ್ರಿಲಿಕ್ ಹಿಡಿಯುವುದಿಲ್ಲ. ಬಿಸಿ ಇಸ್ತ್ರಿ ಇಟ್ಟೆ. ನೂಲು ಚಪ್ಪಟೆಯಾಗಿ ಜೋತುಬಿತ್ತು, ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಬದಿಯ ಎರಡೆರಡು ಕುಣಿಕೆ ಮಾತ್ರ ಸೀದಾ ಹೆಣೆದು ನೋಡಿದೆ, ಸಾಲಲಿಲ್ಲ.

ಇದು ನೂಲಿನ ತಪ್ಪಲ್ಲ. ಈ ಹೆಣಿಗೆಯ ಎರಡು ಮುಖಗಳ ಎಳೆತ ಬೇರೆ ಬೇರೆ, ಅದಕ್ಕೇ ಮಡಚುತ್ತದೆ. ಸುತ್ತಲೂ ಎರಡು ಮುಖವೂ ಒಂದೇ ಥರ ಇರುವ ಅಂಚು ಬೇಕು. ಎಲ್ಲಾ ಸಾಲೂ ಸೀದಾ ಹೆಣೆದರೆ ಅಂಥ ಅಂಚು ಬರುತ್ತದೆ.

ಬಿಚ್ಚಿ, ಹೊಸ ನೂಲು ಸೇರಿಸಿ ಮತ್ತೆ ಶುರು ಮಾಡಿದೆ. ಮಧ್ಯಮ ದಪ್ಪದ ನೂಲು, 6 ಮಿ.ಮೀ. ಕಡ್ಡಿ, 72 ಕುಣಿಕೆ. ಮೊದಲ 10 ಸಾಲು ಪೂರ್ತಿ ಸೀದಾ. ಆಮೇಲೆ ಮುಂಬದಿಯ ಸಾಲು ಎಲ್ಲಾ ಸೀದಾ. ಹಿಂಬದಿಯ ಸಾಲು 6 ಸೀದಾ, 60 ಉಲ್ಟಾ, 6 ಸೀದಾ. ಎರಡೂ ಬದಿಯ ಈ 6 ಸೀದಾ ತಪ್ಪಿಸಲೇಬೇಡಿ, ಒಂದು ಸಾಲು ಮರೆತರೂ ಅಲ್ಲೇ ಎದ್ದು ಕಾಣುತ್ತದೆ. ಬೇಕಾದಷ್ಟು ಉದ್ದವಾದ ಮೇಲೆ ಮತ್ತೆ 10 ಸಾಲು ಸೀದಾ. ಕೊನೆಗೆ ಕುಣಿಕೆ ಮುಚ್ಚುವಾಗ ಮಾತ್ರ 7 ಮಿ.ಮೀ. ಕಡ್ಡಿ ಹಿಡಿಯಿರಿ. ಬಿಗಿಯಾಗಿ ಮುಚ್ಚಿದರೆ ಆ ತುದಿ ಸುಮ್ನೆ ಕುಗ್ಗಿಬಿಡುತ್ತದೆ.