ಡ್ರಿಪ್ ಲೈನಿಗೆ ಒಂದು ನೀರಿನ ಮೀಟರ್ ಹಾಕಿಸಿ
ಅಡಿಕೆ ತೋಟಕ್ಕೆ ಡ್ರಿಪ್ ಮಾಡಿಸಿದವರು ಫಿಲ್ಟರ್ ದಾಟಿದ ಮೇಲೆ ಮೇನ್ ಲೈನಿಗೆ ಒಂದು ಫ್ಲೋ ಮೀಟರ್ ಕೂರಿಸಿಕೊಳ್ಳಿ. ಫಿಲ್ಟರಿಗಿಂತ ಮುಂಚೆ ಬೇಡ, ಬೋರಿನ ಮರಳು ಒಳಗಿನ ಚಕ್ರವನ್ನು ಸವೆಸಿಬಿಡುತ್ತದೆ.

ಲೆಕ್ಕ ಸುಲಭ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ 1000 ಇದ್ದರೆ ಗಂಟೆಗೆ 4000 ಲೀಟರ್, ಅಂದರೆ ಮೀಟರಿನಲ್ಲಿ 4 ಘನ ಮೀಟರ್ ಏರಬೇಕು. (ಕಪ್ಪು ಅಂಕಿ ಘನ ಮೀಟರ್, ಕೆಂಪು ಅದರ ಭಾಗ.) 3 ಮಾತ್ರ ಏರಿದರೆ ಡ್ರಿಪ್ಪರ್ ಕಟ್ಟಿಕೊಂಡಿರಬಹುದು, ಫಿಲ್ಟರ್ ತುಂಬಿರಬಹುದು, ಬೋರಿನಲ್ಲೇ ನೀರು ಇಳಿದಿರಬಹುದು. 5 ತೋರಿಸಿದರೆ ಎಲ್ಲೋ ಪೈಪ್ ಒಡೆದಿದೆ. ಅಳಿಲು ಕಡಿದ ಲ್ಯಾಟರಲ್ (ಡ್ರಿಪ್ಪರ್ ಇರುವ ಸಣ್ಣ ಪೈಪ್) ಮೊದಲು ನೋಡಿ.

ಮೀಟರಿನ ಮೇಲಿನ ಬಾಣದ ಗುರುತು ನೀರು ಹರಿಯುವ ಕಡೆಗೇ ಇರಲಿ. ಎಲ್ಬೋ, ವಾಲ್ವ್ ಪಕ್ಕಕ್ಕೇ ಅಂಟಿಸಬೇಡಿ. ಸಾಮಾನ್ಯವಾಗಿ ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಹತ್ತರಷ್ಟು, ಆಮೇಲೆ ಐದರಷ್ಟು ನೇರ ಪೈಪ್ ಬಿಡುತ್ತಾರೆ: 2 ಇಂಚಿಗೆ 20 ಮತ್ತು 10 ಇಂಚು. ಪೈಪ್ ತುಂಬಿ ಹರಿಯಬೇಕು, ಏಕೆಂದರೆ ಗಾಳಿಗೂ ಚಕ್ರ ತಿರುಗುತ್ತದೆ! ಗಾಳಿ ಹೊರಬಿಡುವ ಏರ್ ವಾಲ್ವ್ ಮೀಟರಿಗಿಂತ ಮುಂಚೆಯೇ ಇರಲಿ.

ಚಕ್ರವಿಲ್ಲದ ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರೂ ಸಿಗುತ್ತದೆ, ಬೆಲೆ ಜಾಸ್ತಿ. ನಮ್ಮಂಥ ಸಣ್ಣ ತೋಟಕ್ಕೆ ಅದು ಬೇಕಿಲ್ಲ ಅಂತ ನನ್ನ ಲೆಕ್ಕ.