ಚುಕ್ಕೆ ಮಾಯವಾದ ಮೇಲೂ ಮದ್ದು ನಿಲ್ಲಿಸಬೇಡಿ: ಗೋಲ್ಡ್ ಫಿಶ್ ಆರೈಕೆಯ ನನ್ನ ಅನುಭವ

ಮೀನಿನ ಮೈಮೇಲೆ, ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡರೆ ಅದು ಹೆಚ್ಚಾಗಿ 'ಇಕ್' ಅನ್ನುವ ಕಾಯಿಲೆ. ಅಂಗಡಿಯವರು ವೈಟ್ ಸ್ಪಾಟ್ ಅಂತಾರೆ. ನಮ್ಮ ಮನೆಗೆ ಅದು ಬಂದಿದ್ದು ಡಿಸೆಂಬರ್‌ನಲ್ಲಿ. ತಂಗಿ ಬೇರೆ ಊರಿಗೆ ಮನೆ ಸಾಗಿಸುವಾಗ ತನ್ನ ಮೂರು ಗೋಲ್ಡ್ ಫಿಶ್‌ಗಳನ್ನು ಟ್ಯಾಂಕ್ ಸಮೇತ ನನಗೆ ಒಪ್ಪಿಸಿ ಹೋದಳು. ಮೈಸೂರಿನ ಡಿಸೆಂಬರ್ ರಾತ್ರಿ ಹೇಗಿರುತ್ತದೆ ಗೊತ್ತಲ್ವಾ? ಪ್ರಯಾಣದ ಗಾಬರಿ, ಹೊಸ ನೀರು, ಅದರ ಮೇಲೆ ಚಳಿ. ಇಷ್ಟು ಸಾಕು, ಮೀನು ಸೋತುಹೋಗುತ್ತದೆ. ಇದ್ದ ಪರಾವಲಂಬಿ ಜೀವಿ ತಲೆ ಎತ್ತುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗಂಡು ಗೋಲ್ಡ್ ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ ಬರುತ್ತದೆ. ಅದು ಕಾಯಿಲೆಯಲ್ಲ. ಇಕ್ ಆದರೆ ಚುಕ್ಕೆ ಎಲ್ಲೆಂದರಲ್ಲಿ ಇರುತ್ತದೆ. ಮೀನು ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ನಿಲ್ಲುತ್ತದೆ, ಆಗಾಗ ತಟ್ಟನೆ ಓಡಿ ಕಲ್ಲಿಗೆ ಮೈ ಉಜ್ಜುತ್ತದೆ. ನಮ್ಮ ಮೂರರಲ್ಲಿ ಕಪ್ಪು ಮೀನಿನ ಮೇಲೆ ಚುಕ್ಕೆ ಕಡಿಮೆ, ಆದರೆ ಅದೇ ಜಾಸ್ತಿ ಏದುಸಿರು ಬಿಡುತ್ತಿತ್ತು. ಕಾಯಿಲೆ ಕಿವಿರಿನ ಒಳಗೆ ಹೊಕ್ಕಿದರೆ ಹೀಗಾಗುತ್ತದೆ. ಅದೊಂದು ಉಳಿಯಲಿಲ್ಲ.

ಈ ಪರಾವಲಂಬಿ ಮೀನಿನ ಚರ್ಮದ ಅಡಿಯಲ್ಲಿ ಕೂತು ಬೆಳೆಯುತ್ತದೆ. ಅಲ್ಲಿರುವಾಗ ಯಾವ ಮದ್ದೂ ಅದಕ್ಕೆ ತಾಗುವುದಿಲ್ಲ. ಬಲಿತ ಮೇಲೆ ಉದುರಿ ಟ್ಯಾಂಕಿನ ತಳಕ್ಕೆ ಹೋಗುತ್ತದೆ, ಸುತ್ತ ಗೂಡು ಕಟ್ಟಿಕೊಂಡು ಒಂದು ನೂರಾರಾಗುತ್ತದೆ. ಆ ಮರಿಗಳು ಹೊರಬಂದು ಈಜುತ್ತಾ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ನಮ್ಮ ಮದ್ದು ಕೊಲ್ಲುವುದು ಹೀಗೆ ಈಜುವವನ್ನು ಮಾತ್ರ. ಹಾಗಾಗಿ ಮೀನನ್ನು ಬಕೆಟ್‌ಗೆ ಹಾಕಿ ಮದ್ದು ಮಾಡಿ, ತಕ್ಷಣ ಅದೇ ಟ್ಯಾಂಕಿಗೆ ವಾಪಸ್ ಬಿಟ್ಟರೆ ಪ್ರಯೋಜನವಿಲ್ಲ. ಮದ್ದು ನೀರಿಗೆ, ಇಡೀ ಟ್ಯಾಂಕಿಗೆ.

ನಾನು ಆರಿಸಿಕೊಂಡಿದ್ದು ಉಪ್ಪು ಮತ್ತು ಬಿಸಿ. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಕೊಡುವುದು ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ. ಜ್ವರಕ್ಕೂ ಅದೇ, ಗಾಯಕ್ಕೂ ಅದೇ! ಅದು ಫಿಲ್ಟರ್‌ನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆಮೇಲೆ ಆ ಬ್ಯಾಕ್ಟೀರಿಯಾ ಅರಗಿಸುತ್ತಿದ್ದ ಅಮೋನಿಯಾ, ಅಂದರೆ ಮೀನಿನ ಹೊಲಸಿನಿಂದ ಬರುವ ವಿಷ, ನೀರಿನಲ್ಲಿ ಏರಿ ಮೀನು ಅದರಿಂದಲೇ ಸಾಯಬಹುದು. ಟ್ಯಾಂಕಿನ ಅಂಚಿನ ಸಿಲಿಕೋನ್ ನೀಲಿಯಾಗುವುದು ಬೇರೆ.

ಉಪ್ಪಿನ ಲೆಕ್ಕ ಸರಿಯಾಗಿ ಮಾಡಬೇಕು. ನಮ್ಮದು 40 ಲೀಟರ್ ನೀರು ಹಿಡಿಯುವ ಟ್ಯಾಂಕ್. ಲೀಟರಿಗೆ 2 ಗ್ರಾಂ ಅಂದರೆ 80 ಗ್ರಾಂ ಕಲ್ಲುಪ್ಪು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮೂರು ಪಾಲು ಮಾಡಿದೆ. ಒಂದೊಂದು ಪಾಲನ್ನೂ ಟ್ಯಾಂಕಿನದೇ ನೀರಿನಲ್ಲಿ ಮಗ್ಗಿನಲ್ಲಿ ಪೂರ್ತಿ ಕರಗಿಸಿ, ಏರ್ ಸ್ಟೋನ್‌ನ ಗುಳ್ಳೆ ಬರುವ ಕಡೆ ನಿಧಾನವಾಗಿ ಸುರಿದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಮರುದಿನ ಬೆಳಿಗ್ಗೆ ಒಂದು. ಹರಳನ್ನು ಹಾಗೇ ಹಾಕಿದರೆ ತಳದಲ್ಲಿ ಕೂತು, ಮೀನು ಅದನ್ನು ಮುಟ್ಟಿದರೆ ಸುಡುತ್ತದೆ. ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ 10 ಲೀಟರ್ ನೀರು ತೆಗೆದು ಹೊಸದು ತುಂಬಿದರೆ ಮತ್ತೆ ಸೇರಿಸಬೇಕಾದದ್ದು 20 ಗ್ರಾಂ ಮಾತ್ರ. ಆವಿಯಾಗಿ ಕಡಿಮೆಯಾದ ನೀರಿಗೆ ಬರೀ ನೀರು ಸಾಕು. ಟ್ಯಾಂಕಿನಲ್ಲಿ ಗಿಡ, ಬಸವನಹುಳು ಇದ್ದರೆ ಈ ದಾರಿ ಬೇಡ, ಅವು ಉಪ್ಪು ತಡೆಯುವುದಿಲ್ಲ.

ಬಿಸಿಗೆ 50 ವ್ಯಾಟಿನ ಹೀಟರ್ ತಂದೆ. ಪಕ್ಕದ ಮನೆಯ ಆಂಟಿ ನಕ್ಕರು: 'ಐವತ್ತು ರೂಪಾಯಿ ಮೀನಿಗೆ ಇಷ್ಟೆಲ್ಲಾ ಖರ್ಚಾ? ಹೊಸದು ತಗೊಳ್ಳಿ ಸುಮ್ನೆ.' ಮಾತು ಲೆಕ್ಕದಲ್ಲಿ ಸರಿ. ಆದರೆ ಹೊಸ ಮೀನನ್ನೂ ಇದೇ ನೀರಿಗೆ ತಾನೇ ಬಿಡಬೇಕು? ನೀರು 21 ಡಿಗ್ರಿ ಇತ್ತು. ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ 28ಕ್ಕೆ ನಿಲ್ಲಿಸಿದೆ. ಬಿಸಿ ಕೊಟ್ಟರೆ ಪರಾವಲಂಬಿಯ ಸುತ್ತು ಬೇಗ ಮುಗಿಯುತ್ತದೆ, ಮದ್ದಿಗೆ ಬೇಗ ಸಿಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಏರ್ ಪಂಪ್ ರಾತ್ರಿಯೂ ಆರಿಸಲಿಲ್ಲ. ನೀರಿಗೆ ಕೈ ಹಾಕುವ ಮುಂಚೆ ಹೀಟರ್ ಪ್ಲಗ್ ಕಿತ್ತೇ ಇಡಿ. ನೀರು ಕಡಿಮೆಯಾಗಿ ಹೀಟರ್ ಹೊರಗೆ ಕಂಡರೆ ಅದರ ಗಾಜು ಒಡೆಯಬಹುದು.

ದಿನ ಬಿಟ್ಟು ದಿನ ಪೈಪ್ ಇಟ್ಟು ತಳದ ಕಲ್ಲಿನ ಸಂದಿಯಿಂದ ಕಸ ಎಳೆದೆ. ಗೂಡು ಕಟ್ಟಿದವೂ ಅದರ ಜೊತೆ ಹೋಗುತ್ತವೆ. ತುಂಬುವ ನೀರಿಗೆ ಕ್ಲೋರಿನ್ ತೆಗೆಯುವ ಮದ್ದು (ಆಂಟಿ-ಕ್ಲೋರಿನ್) ಹಾಕಿ, ಅದನ್ನೂ ಟ್ಯಾಂಕಿನಷ್ಟೇ ಬಿಸಿ ಮಾಡಿ ಬಿಟ್ಟೆ. ಫಿಲ್ಟರ್‌ನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ, ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿದೆ. ಮೊದಲ ದಿನಗಳಲ್ಲಿ ಊಟ ಹಾಕಲಿಲ್ಲ. ಮುಟ್ಟದ ಊಟ ಕೊಳೆತು ನೀರು ಕೆಡಿಸುತ್ತದೆ, ಗೋಲ್ಡ್ ಫಿಶ್ ನಾಲ್ಕೈದು ದಿನ ಉಪವಾಸ ಆರಾಮಾಗಿ ಇರುತ್ತದೆ.

ಒಂದು ಸಲ ಚುಕ್ಕೆ ಜಾಸ್ತಿಯಾಯಿತು. ಒಳಗಿದ್ದವು ಬಲಿತು ಕಾಣಿಸಿಕೊಳ್ಳುತ್ತಿದ್ದವು ಅಷ್ಟೇ. ಆಮೇಲೆ ಒಂದೊಂದಾಗಿ ಉದುರಿ, ಬಾಲದ ಮೇಲಿದ್ದ ಕೊನೆಯ ಚುಕ್ಕೆಯೂ ಹೋಯಿತು. ಎಷ್ಟೋ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಚುಕ್ಕೆ ಮೀನಿನ ಮೇಲಿಂದ ಹೋಗಿ ಕೂತಿರುವುದು ತಳದಲ್ಲಿ. ನಾನು ಉಪ್ಪು, ಬಿಸಿ ಎರಡನ್ನೂ ಇನ್ನೂ ಒಂದು ವಾರಕ್ಕಿಂತ ಜಾಸ್ತಿ ಹಾಗೇ ಇಟ್ಟೆ. ನಂತರ ಉಪ್ಪಿಲ್ಲದ ನೀರು ಬದಲಾಯಿಸುತ್ತಾ ಉಪ್ಪು ತಗ್ಗಿಸಿದೆ. ಹೀಟರನ್ನು ದಿನಕ್ಕೊಂದು ಡಿಗ್ರಿ ಇಳಿಸಿದೆ. ಬಲೆ, ಪೈಪು, ಬಕೆಟ್ ತೊಳೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದೆ. ಪೂರ್ತಿ ಒಣಗಿದರೆ ಈ ಜೀವಿ ಬದುಕುವುದಿಲ್ಲ. ಅರೆಬರೆ ಒದ್ದೆ ಬಲೆಯನ್ನು ಇನ್ನೊಂದು ಟ್ಯಾಂಕಿಗೆ ಅದ್ದಿದರೆ ಅಲ್ಲೂ ಇದೇ ಕತೆ ಶುರು.