ಪವರ್ ಸಿಸ್ಟಮ್ಸ್ ಸಮ್ಮೇಳನಕ್ಕೆ ಪ್ರಬಂಧ ಕಳಿಸುವುದು ಹೇಗೆ?

ಎಂ.ಟೆಕ್ ವಿದ್ಯಾರ್ಥಿಗಳು, ಎಸ್ಕಾಂಗಳಲ್ಲಿ (ವಿದ್ಯುತ್ ಸರಬರಾಜು ಕಂಪನಿಗಳಲ್ಲಿ) ದುಡಿಯುವ ಕಿರಿಯ ಎಂಜಿನಿಯರ್‌ಗಳು ಅಂತರರಾಷ್ಟ್ರೀಯ ಸಮ್ಮೇಳನ ಎಂದೊಡನೆ ಹಿಂಜರಿಯುತ್ತಾರೆ. ಹಿಂಜರಿಕೆ ಬೇಡ. ನಮ್ಮ ಹಳ್ಳಿ ಫೀಡರ್‌ಗಳ, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ವಿದ್ಯುತ್ ಲೈನ್‌ಗಳ, ಸಮಸ್ಯೆಯನ್ನು ಕಣ್ಣಾರೆ ಕಂಡವರು ಅಲ್ಲಿ ಕಡಿಮೆ.

ಮೊದಲು ಪ್ರಶ್ನೆ ಹಿಡಿಯಿರಿ. ‘ಸೌರಶಕ್ತಿ ಮತ್ತು ಜಾಲದ ಸ್ಥಿರತೆ’ ಎಂಬಷ್ಟು ಅಗಲದ ವಿಷಯ ಐದಾರು ಪುಟಕ್ಕೆ ಒಗ್ಗದು. ‘11 ಕೆವಿ ಕೃಷಿ ಫೀಡರ್‌ಗೆ 2 ಮೆಗಾವಾಟ್ ಸೋಲಾರ್ ಘಟಕ ಜೋಡಿಸಿದರೆ ಕೊನೆಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ವೋಲ್ಟೇಜ್ ಎಷ್ಟಾಗುತ್ತದೆ?’ ಎಂದು ಕೇಳಿಕೊಳ್ಳಿ. ವೋಲ್ಟೇಜ್ ಸಾಲದೆ ಪಂಪ್‌ಸೆಟ್ ಮೋಟರ್ ಸುಟ್ಟು ರಿವೈಂಡಿಂಗ್‌ಗೆ ಹೋಗುವುದು ಹೆಚ್ಚಾಗಿ ಈ ತುದಿಯಲ್ಲೇ. ಪಂಪುಗಳೆಲ್ಲ ನಿಂತ ಬಿಸಿಲು ಹೊತ್ತಿನಲ್ಲಿ ಸೋಲಾರ್ ವಿದ್ಯುತ್ ಬಳಸುವವರಿಲ್ಲದೆ ಅದೇ ವೋಲ್ಟೇಜ್ ಮಿತಿ ಮೀರಿ ಏರಬಹುದು. 11 ಕೆವಿಯಲ್ಲಿ ನಮ್ಮ ನಿಯಮ ಶೇ 6ರಷ್ಟು ಏರಿಕೆ, ಶೇ 9ರಷ್ಟು ಇಳಿಕೆಯನ್ನು ಒಪ್ಪುತ್ತದೆ. ಯಾವ ಹೊತ್ತಿನಲ್ಲಿ, ಯಾವ ಕಂಬದ ಬಳಿ ಈ ಗೆರೆ ದಾಟುತ್ತದೆ ಎಂದು ತೋರಿಸಿದರೆ ಪ್ರಬಂಧದ ಜೀವಾಳ ಸಿಕ್ಕಿತು.

ಎರಡನೆಯದು ಲೆಕ್ಕ. ಜಾಲದ ಪ್ರತಿ ಜಾಗದ ವೋಲ್ಟೇಜ್, ವಿದ್ಯುತ್ ಹರಿವನ್ನು ಲೆಕ್ಕ ಹಾಕುವ ಲೋಡ್ ಫ್ಲೋ ಪ್ರೋಗ್ರಾಮನ್ನು ಮೊದಲು 33 ಬಸ್‌ಗಳ (ಲೈನ್‌ಗಳು ಕೂಡುವ ಬಿಂದುಗಳ) ಪ್ರಸಿದ್ಧ ಪರೀಕ್ಷಾ ಫೀಡರ್ ಮೇಲೆ ಓಡಿಸಿ. 1989ರಲ್ಲಿ ಬರಾನ್ ಮತ್ತು ವು ಎಂಬ ಸಂಶೋಧಕರು ಬಳಸಿದ ಆ 12.66 ಕೆವಿ ಜಾಲದ ಲೋಡ್ 3715 ಕಿಲೋವಾಟ್. ತಂತಿಗಳಲ್ಲಾಗುವ ನಷ್ಟ ಸುಮಾರು 203 ಕಿಲೋವಾಟ್ ಬರಬೇಕು, 18ನೇ ಬಸ್‌ನಲ್ಲಿ ವೋಲ್ಟೇಜ್ 0.913 ಪರ್ ಯೂನಿಟ್‌ಗೆ, ಅಂದರೆ ನಿಗದಿತ ಮಟ್ಟದ ಶೇ 91.3ಕ್ಕೆ, ಇಳಿಯಬೇಕು. ಬರದಿದ್ದರೆ ಮುಂದೆ ಹೋಗಬೇಡಿ, ತಪ್ಪು ಹುಡುಕಿ.

ಆಮೇಲೆ ನಿಮ್ಮ ಫೀಡರ್. ಎಸ್ಕಾಂನಿಂದ ಲಿಖಿತ ಅನುಮತಿ ಪಡೆದು ಸಬ್‌ಸ್ಟೇಷನ್ ಲಾಗ್‌ಬುಕ್‌ನ ಗಂಟೆವಾರು ಆಂಪ್ ಬರೆದುಕೊಳ್ಳಿ. ಒಮ್ಮೆ ಲೈನ್‌ಮನ್ ಜೊತೆ ಲೈನ್ ಉದ್ದಕ್ಕೂ ನಡೆಯಿರಿ: ತಂತಿ ರ‍್ಯಾಬಿಟ್ಟೋ ವೀಸಲ್ಲೋ (ಎರಡೂ ತಂತಿಯ ಗಾತ್ರದ ಹೆಸರುಗಳು), ನಕ್ಷೆಯಲ್ಲಿಲ್ಲದ ಟಿಸಿ ಎಲ್ಲಿದೆ, ಇವೆಲ್ಲ ಅವರಿಗೆ ಗೊತ್ತು. ಇಂಥ ದತ್ತಾಂಶವಿರುವ ಪ್ರಬಂಧಕ್ಕೆ ನನ್ನ ಮಟ್ಟಿಗೆ ದುಪ್ಪಟ್ಟು ಬೆಲೆ.

ವೇದಿಕೆಯನ್ನು ಕೆಲಸಕ್ಕೆ ತಕ್ಕಂತೆ ಆರಿಸಿ. 1921ರಲ್ಲಿ ಹುಟ್ಟಿದ ಸಿಗ್ರೆ (CIGRE) ಎಂಬ ಅಂತರರಾಷ್ಟ್ರೀಯ ವಿದ್ಯುತ್ ಜಾಲ ತಜ್ಞರ ಸಂಸ್ಥೆ ಸಮ ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿ ಸೇರುತ್ತದೆ. ಅಲ್ಲಿ ಕ್ಷೇತ್ರಾನುಭವಕ್ಕೆ ಮನ್ನಣೆ. ಗಣಕ ವಿಧಾನವೇ ಹೊಸದಾಗಿದ್ದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಎಸ್‌ಸಿಸಿ (ಪವರ್ ಸಿಸ್ಟಮ್ಸ್ ಕಂಪ್ಯೂಟೇಷನ್ ಕಾನ್ಫರೆನ್ಸ್) ನೋಡಿ. ಮೊದಲ ಪ್ರಯತ್ನವಾದರೆ ಭಾರತದಲ್ಲೇ ನಡೆಯುವ ಎನ್‌ಪಿಎಸ್‌ಸಿ (ನ್ಯಾಷನಲ್ ಪವರ್ ಸಿಸ್ಟಮ್ಸ್ ಕಾನ್ಫರೆನ್ಸ್) ಒಳ್ಳೆಯದು; ವೀಸಾ, ವಿಮಾನದ ಖರ್ಚು ಉಳಿಯುತ್ತದೆ.

ನಕಲಿ ಸಮ್ಮೇಳನಗಳ ಬಗ್ಗೆ ಮಾತ್ರ ಮೈಯೆಲ್ಲ ಕಣ್ಣಾಗಿರಿ. ಕಳಿಸಿದ ಎರಡೇ ದಿನಕ್ಕೆ, ವಿಮರ್ಶಕರ ಒಂದು ಸಾಲೂ ಇಲ್ಲದೆ ‘ಸ್ವೀಕೃತ’ ಎಂದು ಬಂದರೆ, ವೈದ್ಯಕೀಯ, ಕೃಷಿ, ವಿದ್ಯುತ್ ಎಲ್ಲವೂ ಒಂದೇ ಚಪ್ಪರದಡಿ ಇದ್ದರೆ, ಹಣ ಕಟ್ಟಬೇಡಿ. ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ (IEEE) ಹೆಸರು ಹಾಕಿಕೊಂಡಿದ್ದರೆ ಐಇಇಇಯ ಸಮ್ಮೇಳನ ಪಟ್ಟಿಯಲ್ಲಿ ಹುಡುಕಿ ಖಾತ್ರಿಪಡಿಸಿಕೊಳ್ಳಿ.

ಬರೆಯುವಾಗ ಸಂಘಟಕರ ಟೆಂಪ್ಲೇಟ್, ಪುಟಮಿತಿ ಮೀರಬೇಡಿ. ವಿಮರ್ಶಕರ ಪ್ರತಿ ಆಕ್ಷೇಪಕ್ಕೂ ಉತ್ತರ ಕೊಟ್ಟು, ಬದಲಿಸಿದ ಜಾಗ ತೋರಿಸಿ. ನೋಂದಾಯಿಸಿಕೊಂಡು ಯಾರೂ ಮಂಡಿಸದೆ ಹೋದರೆ ಐಇಇಇ ಸಮ್ಮೇಳನಗಳಲ್ಲಿ ಪ್ರಬಂಧವನ್ನು ಎಕ್ಸ್‌ಪ್ಲೋರ್ ಎಂಬ ಅದರ ಆನ್‌ಲೈನ್ ಸಂಗ್ರಹದಿಂದ ಕೈಬಿಡಬಹುದು.

ಮಂಡನೆಯ ಮೊದಲ ಸ್ಲೈಡ್‌ನಲ್ಲೇ, ಕೃಷಿ ಫೀಡರ್‌ಗೆ ದಿನದಲ್ಲಿ ಕೆಲವೇ ತಾಸು ತ್ರೀಫೇಸ್ ಕೊಡುತ್ತೇವೆ, ಕರೆಂಟ್ ಬಂದೊಡನೆ ಪಂಪುಗಳೆಲ್ಲ ಒಟ್ಟಿಗೇ ಚಾಲೂ ಆಗುತ್ತವೆ ಎಂದು ವಿವರಿಸಿ. ಇಪ್ಪತ್ನಾಲ್ಕು ತಾಸು ಪೂರೈಕೆ ಕಂಡ ಸಭಿಕರಿಗೆ ನಿಮ್ಮ ಗ್ರಾಫ್‌ನ ಏರಿಳಿತ ಇದಿಲ್ಲದೆ ಅರ್ಥವಾಗದು.